ಸೊಸಿಗೆ ಹೇಳಬ್ಯಾಡ್ರಿ

ನನ್ನ ಮಾವನವರು ನನ್ನ ಮುಖ ನೋಡಿ ಮಾತಾಡಿದವರಲ್ಲ. ಜಗಳ ಗಿಗಳ ಏನೂ ಇರಲಿಲ್ಲ. ಮರ್ಯಾದಸ್ಥರ ಮನೆ ಅನ್ನಿಸಿಕೊಳ್ಳಬೇಕಾದರೆ ಮಾವ ಸೊಸೆ ಹಾಗೇ ಇರಬೇಕಿತ್ತು. ಹನುಮಸಾಗರದಲ್ಲಿ ಅವರದು ಕಿರಾಣಿ ಅಂಗಡಿ. ಅಲ್ಲಿ ಕೂತರೆ ಬಂದವರನ್ನೆಲ್ಲ ನಗಿಸಿ ಕಳಿಸುವ ಮನುಷ್ಯ, ಮನೆಯ ಹೊಸ್ತಿಲು ದಾಟುವ ಮುನ್ನ ಗಟ್ಟಿಯಾಗಿ ಕೆಮ್ಮುತ್ತಿದ್ದರು. ಕೆಮ್ಮು ಕೇಳಿದ ಕೂಡಲೇ ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಮರೆಗೆ ಸರಿಯುತ್ತಿದ್ದೆ. ಚಹಾ ಬೇಕಾದರೆ ಅವರು ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು: "ಚಹಾ ಆಗಿದ್ರ ಛಲೋ ಇತ್ತು." ನಾನು ಒಳಗಿನಿಂದ ಬಳೆ ಸದ್ದು ಮಾಡಿದರೆ ಕೇಳಿಸಿತು ಎಂದು ಅರ್ಥ. ಮಗಳು ಹುಟ್ಟಿದ ಮೇಲೆ ಕಂಬಕ್ಕೆ ಸ್ವಲ್ಪ ಬಿಡುವು ಸಿಕ್ಕಿತು. "ನಿಮ್ಮವ್ವಗ ಹೇಳು" ಎಂದು ಅವರು, "ನಿಮ್ಮಜ್ಜಾರಿಗೆ ಹೇಳು" ಎಂದು ನಾನು, ಇನ್ನೂ ಮಾತು ಬಾರದ ಕೂಸಿನ ಮೂಲಕವೇ ಮನೆಯ ವ್ಯವಹಾರ ನಡೆಯಿತು.

ಅತ್ತೆ ತೀರಿಕೊಂಡರು, ಅಂಗಡಿ ಮುಚ್ಚಿತು, ಯಜಮಾನರ ನೌಕರಿಗೆಂದು ನಾವು ಮಾಡಿದ್ದ ಕುಷ್ಟಗಿಯ ಮನೆಗೆ ಮಾವನವರು ಬಂದರು. ಬಂದಾಗಲೇ ಮರೆವು ಶುರುವಾಗಿತ್ತು. ಮೊದಲು ಊಟ ಮಾಡಿದ್ದನ್ನು ಮರೆತರು, ಆಮೇಲೆ ಅತ್ತೆ ಸತ್ತಿದ್ದನ್ನು, ಆಮೇಲೆ ಬಚ್ಚಲು ಯಾವ ಕಡೆ ಎಂಬುದನ್ನು. ಕೊಪ್ಪಳದ ಡಾಕ್ಟರು ಇದಕ್ಕೆ ಡಿಮೆನ್ಶಿಯಾ ಅನ್ನುತ್ತಾರೆ, ವಾಸಿಯಾಗುವುದಿಲ್ಲ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಬೇಕು ಅಷ್ಟೆ ಎಂದರು. ನೋಡಿಕೊಳ್ಳುವವರು ಯಾರು? ನನ್ನ ಯಜಮಾನರು ಬಸ್ ಕಂಡಕ್ಟರ್. ಗಂಗಾವತಿ ಗಾಡಿ, ನಸುಕಿನಲ್ಲಿ ಹೋದರೆ ಕತ್ತಲಾದ ಮೇಲೆ ಬರುವವರು. ಮಗಳು ಕೊಪ್ಪಳದ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಹಗಲೆಲ್ಲ ಮನೆಯಲ್ಲಿ ನಾವಿಬ್ಬರೇ, ಒಬ್ಬರಿಗೊಬ್ಬರು ಮಾತಾಡದವರು.

ಒಂದು ದಿನ ಬೆಳಿಗ್ಗೆ ಅವರ ಧೋತರ ಪೂರ್ತಿ ಹೊಲಸಾಗಿತ್ತು. ಬಿಸಿನೀರು, ಒಗೆದ ಧೋತರ ಹಿಡಿದು ಅವರ ಕೋಣೆಯ ಬಾಗಿಲಿಗೆ ಹೋದೆ. ನನ್ನ ಬಳೆ ಸದ್ದು ಕೇಳಿ ಅವರು ಗೋಡೆ ಕಡೆ ತಿರುಗಿ ಮುದುಡಿ ಕೂತರು. "ಬರಬ್ಯಾಡ್ರಿ, ಒಳಗ ಬರಬ್ಯಾಡ್ರಿ" ಎಂದು ಗೋಡೆಗೇ ಕೂಗಿದರು. ನಾನೂ ಹೋಗಲಿಲ್ಲ. ನಿಜ ಹೇಳುತ್ತೇನೆ, ಅವರು ಬೇಡ ಅಂದದ್ದು ನನಗೆ ಅನುಕೂಲವೇ ಆಯಿತು. ಮುದುಕರು ಆ ಬಟ್ಟೆಯಲ್ಲೇ ಕತ್ತಲಾಗುವ ತನಕ ಕೂತಿದ್ದರು. ಮಗ ಬಂದು ತೊಳೆದರು.

ಇದು ಒಂದು ದಿನದ ಮಾತಾಗಲಿಲ್ಲ. ಗಂಡಾಳು ಇಡೋಣವೆಂದು ಹುಡುಕಿದೆವು. ಕೊಪ್ಪಳದಿಂದ ಒಬ್ಬ ಬಂದ, ವಾರ ತುಂಬುವುದರೊಳಗೆ ಹೇಳದೆ ಹೋದ. ಅಷ್ಟರಲ್ಲಿ ಮಾವನವರ ಬೆನ್ನಿನ ಕೆಳಗೆ ತೊಗಲು ಕೆಂಪಾಗಿ ಸುಲಿಯತೊಡಗಿತು. ಡಾಕ್ಟರು ಮಗನನ್ನು ಬಿಟ್ಟು ನನ್ನನ್ನೇ ನೋಡಿ ಹೇಳಿದರು, "ಮೈ ಹಸಿ ಇರಬಾರದು. ಇದು ಹುಣ್ಣಾಗಿ ಒಡೆದರೆ ಮಲಗಿದ ಮನುಷ್ಯ ಏಳುವುದಿಲ್ಲ ನೋಡಮ್ಮ." ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಗಳ ಬಿಳಿ ಕೋಟು ಒಗೆಯಲೆಂದು ಮನೆಗೆ ಬಂದಿತ್ತು. ಕಾಲೇಜಿನ ಪ್ರಯೋಗಾಲಯದಲ್ಲಿ ಹಾಕಿಕೊಳ್ಳುವ ಕೋಟು. ಅದಕ್ಕೆ ಇಸ್ತ್ರಿ ಮಾಡುತ್ತಿದ್ದಾಗ ನನಗೆ ಬುದ್ಧಿ ಹೊಳೆಯಿತು. ಸೀರೆಯ ಮೇಲೆ ಕೋಟು, ಮುಖಕ್ಕೆ ಕೊರೊನಾ ಕಾಲದ ಮಾಸ್ಕು, ತಲೆಯ ಮೇಲೆ ಸೆರಗಿಲ್ಲ. ಬಳೆಗಳನ್ನು ಮೊಳಕೈ ಕಡೆ ಸರಿಸಿ ಸದ್ದಾಗದಂತೆ ರಬ್ಬರ್ ಬ್ಯಾಂಡ್ ಹಾಕಿದೆ, ಮುತ್ತೈದೆ ಬಳೆ ತೆಗೆಯುವ ಹಾಗಿಲ್ಲವಲ್ಲ. ದೊಡ್ಡ ದವಾಖಾನೆಯ ನರ್ಸುಗಳು ಆಡುವ ಬೆಂಗಳೂರು ಕನ್ನಡವನ್ನೂ ಒಂದಿಷ್ಟು ಹೊಂದಿಸಿಕೊಂಡೆ.

"ನಮಸ್ಕಾರ ಅಜ್ಜ, ಆಸ್ಪತ್ರೆಯಿಂದ ಬಂದಿದ್ದೀನಿ. ಸ್ನಾನ ಮಾಡಿಸ್ತೀನಿ, ಬನ್ನಿ."

ಮಾವನವರು ಮೇಲಿಂದ ಕೆಳಗೆ ನೋಡಿದರು. ಮದುವೆಯಾಗಿ ಅಷ್ಟು ವರ್ಷಕ್ಕೆ ಅವರು ನನ್ನ ಮುಖವನ್ನು ನೇರ ನೋಡಿದ್ದು ಅದೇ ಮೊದಲು, ಅದೂ ಅರ್ಧ ಮುಖ.

"ಛಲೋ ಆತು ಬಾಯಾರ, ಬಂದ್ರಿ" ಎಂದರು. ನಮ್ಮ ಕಡೆ ನರ್ಸಮ್ಮನಿಗೆ ಬಾಯಾರು ಅನ್ನುತ್ತಾರೆ. "ಮೊದಲ ಬಾಗಲಾ ಹಾಕ್ರಿ. ಒಳಗ ನಮ್ಮ ಸೊಸಿ ಅದಾಳ."

ಬಾಗಿಲು ಹಾಕಿದೆ.

ರಾತ್ರಿ ಯಜಮಾನರಿಗೆ ಹೇಳಿದಾಗ ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಅದು ತಾವು ಮಾಡಬೇಕಾದ ಕೆಲಸ ಎಂದಷ್ಟೇ ಹೇಳಿ, ತಲೆ ತಗ್ಗಿಸಿ ಊಟ ಮಾಡಿ ಎದ್ದರು. ಮರುದಿನದಿಂದ ಬಾಯಾರ ಡ್ಯೂಟಿ ಶುರುವಾಯಿತು. ಮೊದಮೊದಲು ನಾನು ಕಣ್ಣು ಅರ್ಧ ಮುಚ್ಚಿಕೊಂಡೇ ತೊಳೆದೆ. ಆಮೇಲೆ ಅದು ಪಾತ್ರೆ ತೊಳೆದಷ್ಟೇ ಸಲೀಸಾಯಿತು. ಕಷ್ಟವಾದದ್ದು ನಗು ತಡೆಯುವುದು. ನೀರು ಬಿದ್ದ ಕೂಡಲೇ ಅವರಿಗೆ ಅಂಗಡಿ ನೆನಪಾಗುತ್ತಿತ್ತು. ಒಬ್ಬ ಮುದುಕಿ ಬೆಲ್ಲ ಕೊಳ್ಳಲು ಬಂದು, ರುಚಿ ನೋಡುತ್ತ ನೋಡುತ್ತ ಅರ್ಧ ಅಚ್ಚು ತಿಂದು, ಸಿಹಿ ಸಾಲದು ಎಂದು ಎದ್ದು ಹೋದಳಂತೆ. ಇಷ್ಟು ಚೆಂದ ಮಾತಾಡುವ ಮನುಷ್ಯ ನಮ್ಮ ಮನೆಯಲ್ಲೇ ಇದ್ದರೆಂದು ನನಗೆ ಗೊತ್ತೇ ಇರಲಿಲ್ಲ.

ಆ ಸಲಿಗೆಯಲ್ಲಿ ಒಂದು ದಿನ ಬೆನ್ನು ತಿಕ್ಕುತ್ತ ಕೇಳಬಾರದ್ದನ್ನು ಕೇಳಿದೆ. "ನಿಮ್ಮ ಸೊಸೆ ಹೇಗೆ ಅಜ್ಜ?"

"ಒಳ್ಳೆಯಾಕಿ ಅದಾಳ್ರಿ. ಸಾರಿಗೆ ಉಪ್ಪು ಹೆಚ್ಚು ಹಾಕ್ತಾಳ. ಯಾರ ಹೇಳಬೇಕ್ರಿ ಆಕಿಗೆ? ನಮ್ಮಾಕಿ ತಾ ಹೇಳೂದಿಲ್ಲ ಅಂದ್ಳು. ಕಂಬಕ್ಕ ಹೇಳಿದೆ, ಕಂಬ ಹೋಗಿ ಹೇಳಲಿಲ್ಲ."

ಬೆನ್ನನ್ನು ಸ್ವಲ್ಪ ಜೋರಾಗಿಯೇ ತಿಕ್ಕಿದೆ. ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡರು.

"ಬಾಯಾರ, ನನ್ನ ಈ ಅವಸ್ಥಾ ಸೊಸಿಗೆ ಹೇಳಬ್ಯಾಡ್ರಿ. ನನ್ನ ಮುಂದ ಆಕಿ ತಲಿ ಮ್ಯಾಲಿನ ಸೆರಗ ಎಂದೂ ತಗದಾಕಿ ಅಲ್ಲ. ಆಕಿಗೆ ಗೊತ್ತಾದ್ರ ನಾ ಈ ಮನ್ಯಾಗ ಹೆಂಗ ಇರಲಿ?"

"ಹೇಳೋದಿಲ್ಲ ಅಜ್ಜ."

"ಆಣಿ ಮಾಡ್ರಿ."

ಸೋಪಿನ ಕೈಯನ್ನೇ ಅವರ ಕೈ ಮೇಲಿಟ್ಟು ಆಣೆ ಮಾಡಿದೆ. ಅವರ ಎದುರಿಗೆ ಬರಿದಲೆಯಲ್ಲಿ ಕೂತಿದ್ದೇನೆ ಎಂಬುದು ಆ ಕ್ಷಣ ನೆನಪಾಗಿ ಮೈಯೆಲ್ಲ ಹಿಡಿಯಾಯಿತು. ಆದರೂ ಮೈ ಒರೆಸಿ, ಮುಲಾಮು ಹಚ್ಚಿ, ಧೋತರ ಉಡಿಸಿದೆ. ಕೆಂಪಾಗಿದ್ದ ತೊಗಲು ಮಾಯತೊಡಗಿತ್ತು.

ಬೇಸಿಗೆಯಲ್ಲಿ ಹಪ್ಪಳ ಮಾಡಲು ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಸೇರಿದರು. ಕನಕಗಿರಿಯಿಂದ ನನ್ನ ನಾದಿನಿ, ಮಾವನವರ ಒಬ್ಬಳೇ ಮಗಳು, ಬಂದಿದ್ದಳು. ಲಟ್ಟಿಸುತ್ತ ಲಟ್ಟಿಸುತ್ತ ಆಕೆ, "ಅಪ್ಪಾರ ಭಾಳ ಸೊರಗ್ಯಾರ. ನೆಟ್ಟಗ ನೋಡ್ಕೊಂಡಿದ್ರ ಹಿಂಗ ಆಗ್ತಿದ್ದಿಲ್ಲ" ಎಂದಳು. ಎಲ್ಲರ ಲಟ್ಟಣಿಗೆಗಳು ನಿಂತವು, ಎಲ್ಲರ ಕಣ್ಣು ನನ್ನ ಮೇಲೆ. ನನಗೆ ಪಿತ್ತ ನೆತ್ತಿಗೇರಿತು. ದಿನಾ ನಾನೇ ತೊಳೆಯುತ್ತೇನೆ ಎಂದು ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ನನಗೆ ಅಷ್ಟು ಸಾಕಾಗಲಿಲ್ಲ, ಹೊಗಳಿಕೆ ಬೇಕಿತ್ತು. ಎದ್ದು ನಿಂತು, ಬೆನ್ನು ಬಾಗಿಸಿ, ಧೋತರದ ಗಂಟು ಹಿಡಿದವಳಂತೆ ಸೀರೆ ಹಿಡಿದು, ಅವರದೇ ಧ್ವನಿ ತೆಗೆದೆ: "ಬಾಯಾರ, ಬಾಗಲಾ ಹಾಕ್ರಿ. ಒಳಗ ನಮ್ಮ ಸೊಸಿ ಅದಾಳ."

ಹೆಂಗಸರು ಬಿದ್ದು ಬಿದ್ದು ನಕ್ಕರು. ನಾದಿನಿಯೂ ನಕ್ಕು ಕಣ್ಣೊರೆಸಿಕೊಂಡಳು. ನಗು ಸಿಕ್ಕ ಹುಮ್ಮಸ್ಸಿನಲ್ಲಿ, ಸೊಸಿಗೆ ಹೇಳಬ್ಯಾಡ್ರಿ ಅಂದದ್ದನ್ನೂ ಆಣೆ ಮಾಡಿಸಿಕೊಂಡದ್ದನ್ನೂ ಆಡಿ ತೋರಿಸಿದೆ. ಒಮ್ಮೆಲೇ ಎಲ್ಲರೂ ಸೆರಗು ಎಳೆದುಕೊಂಡರು. ತಿರುಗಿ ನೋಡಿದರೆ ಕೋಣೆಯ ಬಾಗಿಲಲ್ಲಿ ಮಾವನವರು ನಿಂತಿದ್ದರು. ಈ ಸಲ ಕೆಮ್ಮಿರಲಿಲ್ಲ. ನಮ್ಮನ್ನೆಲ್ಲ ಒಂದು ಸಲ ನೋಡಿ, ಗೋಡೆ ಹಿಡಿದುಕೊಂಡು ಒಳಗೆ ಹೋದರು.

"ಇರಲಿ ಬಿಡ್ರಿ ವೈನಿ, ಸಂಜಿ ಅನ್ನೂದ್ರೊಳಗ ಮರೀತಾರ" ಎಂದು ನಾದಿನಿ ಪಿಸುಗುಟ್ಟಿದಳು. ನಾನೂ ಅದನ್ನೇ ನೆಚ್ಚಿಕೊಂಡೆ. ಇಷ್ಟು ದಿನ ಶಪಿಸಿದ ರೋಗ ಅವತ್ತು ನನ್ನ ಕೈ ಹಿಡಿಯಲಿ ಎಂದು ಬೇಡಿಕೊಂಡೆ.

ಮರುದಿನ ಕೋಟು ಹಾಕಿಕೊಂಡು ಹೋದಾಗ ಅವರು ಧೋತರದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. "ನೀವು ಆಕಿಗೆ ಹೇಳಿದ್ರಿ" ಎಂದರು. "ಆಣಿ ಮಾಡಿ ಹೇಳಿದ್ರಿ." ಮಗಳು ಬಂದು ಹೋದದ್ದು ಅವರಿಗೆ ನೆನಪಿರಲಿಲ್ಲ, ಆಗಷ್ಟೇ ತಿಂದ ರೊಟ್ಟಿ ನೆನಪಿರಲಿಲ್ಲ. ಇದೊಂದು ಉಳಿದಿತ್ತು. ನಾನು ಎಷ್ಟು ಬೇಡಿದರೂ ಮೈ ಮುಟ್ಟಗೊಡಲಿಲ್ಲ. ರಾತ್ರಿ ಮಗನನ್ನೂ ನೂಕಿದರು. ಮಾರನೆಯ ದಿನವೂ ಅದೇ ಹಟ. ಧೋತರಕ್ಕೆ ರಕ್ತದ ಕಲೆ ಹತ್ತಿತ್ತು. ಹುಣ್ಣು ಒಡೆದರೆ ಆ ಜೀವ ಹೋಗುವುದು ನನ್ನ ನಾಲಿಗೆಯಿಂದ.

ಕೋಟು, ಮಾಸ್ಕು ಬಿಚ್ಚಿಟ್ಟೆ. ಬಳೆ ಕೆಳಗಿಳಿಸಿದೆ. ಸೆರಗು ಹೊದ್ದು ಅವರ ಕೋಣೆಗೆ ಹೋಗಿ, ಬಾಗಿಲ ಮರೆಗೆ ಸರಿಯದೆ ಎದುರಿಗೇ ನಿಂತೆ.

"ಮಾವಾರ" ಎಂದೆ. ಸೊಸೆಯಾಗಿ ಅವರನ್ನು ಕರೆದದ್ದು ಅದೇ ಮೊದಲು. "ಆ ದವಾಖಾನಿ ಬಾಯಾರ ನನಗೇನೂ ಹೇಳಿಲ್ರಿ. ನನಗೇನೂ ಗೊತ್ತಿಲ್ರಿ."

ಕೋಣೆಯೆಲ್ಲ ನಾತ ತುಂಬಿತ್ತು. ಅದರ ನಡುವೆ ನಿಂತು ಗೊತ್ತಿಲ್ಲ ಅಂದೆ. ಅವರು ನೆಲ ನೋಡುತ್ತಲೇ ಕೇಳಿದರು.

"ಎಲ್ಲಾರೂ ನಕ್ಕಿದ್ರಲ್ಲವ್ವಾ?"

"ಹಪ್ಪಳದ ಮ್ಯಾಲ ಬೆಕ್ಕು ಅಡ್ಡಾಡಿತ್ರಿ. ಅದಕ್ಕ ನಕ್ವಿ."

"ಹೌದೇನು?" ಅವರ ಮುಖ ಸಡಿಲಾಯಿತು. ಗಂಟಿನ ಮೇಲಿನ ಕೈ ಜಾರಿತು. "ಪಾಪ, ಸುಮ್ನ ಅವರ ಮ್ಯಾಲ ಸಿಟ್ಟ ಮಾಡಿದೆ. ಬಾಯಾರನ್ನ ಕಳಸವ್ವಾ."

ಅಡಿಗೆಮನೆಗೆ ಹೋಗಿ ಮತ್ತೆ ಕೋಟು ಹಾಕಿಕೊಂಡೆ. ಸೆರಗು ಇಳಿಸಿ, ಬಳೆ ಮೇಲೇರಿಸಿ, ಮಾಸ್ಕು ಕಟ್ಟಿದೆ. ನೀರು ತಂದು ಬಾಗಿಲು ಹಾಕಿದಾಗ ಅವರು ಆಗಲೇ ಮಣೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎರಡೂ ಕೈ ಜೋಡಿಸಿದರು.

"ತಪ್ಪಾತ್ರಿ ಬಾಯಾರ. ನಿಮ್ಮ ಮ್ಯಾಲ ಸುಳ್ಳ ಸಂಶೇ ಪಟ್ಟೆ. ಮನಸಿಗೆ ಹಚ್ಚಿಕೋಬ್ಯಾಡ್ರಿ."

ನಾನು ಉತ್ತರ ಕೊಡುವ ತನಕ ಅವರು ಕೈ ಇಳಿಸುವ ಹಾಗೆ ಕಾಣಲಿಲ್ಲ. "ಪರವಾಗಿಲ್ಲ ಅಜ್ಜ" ಎಂದು ಅವರನ್ನು ಕ್ಷಮಿಸಿ, ಬೆನ್ನಿಗೆ ಮೊದಲ ತಂಬಿಗೆ ನೀರು ಹಾಕಿದೆ.