ಸಹಿ ಬಿದ್ದ ಮೇಲಿನ ನಲವತ್ತೊಂದು ವರ್ಷ

ನಮಗೆ ಅಡುಗೆ ಮಾಡಿಕೊಡುತ್ತಿದ್ದ ಅಕ್ಕನ ಕೋಣೆ ಖಾಲಿ ಮಾಡಿಸುತ್ತೇನೆಂದು ಓನರ್ ಹೇಳಿದಾಗ ನನಗೆ ಸಿಟ್ಟೇನೂ ಬರಲಿಲ್ಲ. ವಾದ ಮಾಡಿ ಗೆಲ್ಲಬಹುದಾದ ವಿಷಯ ಅನ್ನಿಸಿತು, ಅಷ್ಟೆ.

ಬೆಂಗಳೂರಿನ ಬ್ರೂಕ್‌ಫೀಲ್ಡ್‌ನಲ್ಲಿ ಮಹಡಿ ಮೇಲೆ ನಾವಿಬ್ಬರು ಗೆಳೆಯರು, ಹಿಂದಿನ ಒಂಟಿ ಕೋಣೆಯಲ್ಲಿ ಅಕ್ಕ. ಎರಡಕ್ಕೂ ಓನರ್ ಒಬ್ಬರೇ. ಅಕ್ಕನ ಆಧಾರ್‌ನಲ್ಲಿ ಅಪ್ಪನ ಹೆಸರು ಒಂದು, ಹಳೇ ಶಾಲಾ ಸರ್ಟಿಫಿಕೇಟಿನಲ್ಲಿ ಇನ್ನೊಂದು. ಭಾಷೆ ಬೇರೆ ಬಂಗಾಳಿ. ಬಾಂಗ್ಲಾದೇಶದವಳು ಅನ್ನೋ ಅನುಮಾನಕ್ಕೆ ಇನ್ನೇನು ಬೇಕು?

ಅಕ್ಕನ ಊರು ಪಶ್ಚಿಮ ಬಂಗಾಳದ ಕೂಚ್ ಬಿಹಾರದಲ್ಲಿದೆ. ಸುತ್ತಲೂ ಭಾರತ, ಮಧ್ಯೆ ಬಾಂಗ್ಲಾದೇಶಕ್ಕೆ ಸೇರಿದ್ದ ಒಂದು ತುಂಡು ನೆಲ, ಅದೇ ಅವರ ಊರು. ಆ ಕಡೆ ನಮ್ಮ ತುಂಡುಗಳು, ಈ ಕಡೆ ಅವರವು. ಹಿಂದೆ ರಾಜರು ಚದುರಂಗದಲ್ಲಿ ಪಣವಿಟ್ಟ ಊರುಗಳು ಇವು ಅನ್ನುತ್ತಾರೆ. ಪುರಾವೆ ಇಲ್ಲ, ನಾನು ನಂಬುವುದಿಲ್ಲ. 1974ರಲ್ಲಿ ಈ ತುಂಡುಗಳ ಅದಲುಬದಲಿಗೆ ಎರಡೂ ದೇಶಗಳು ಸಹಿ ಹಾಕಿದವು. ಅವರ ಸಂಸತ್ತು ಅದೇ ವರ್ಷ ಒಪ್ಪಿತು, ನಮ್ಮದು 2015ರಲ್ಲಿ. ಆ ನಡುವೆ ಹುಟ್ಟಿದ ಅಕ್ಕನಿಗೆ ಶಾಲೆ ಸೇರಲು ಕಾಗದದಲ್ಲಿ ಭಾರತದ ಅಪ್ಪ ಬೇಕಿತ್ತು. ಭಾರತಕ್ಕೆ ಸೇರಿದ ಪಕ್ಕದೂರಿನವರೊಬ್ಬರ ಹೆಸರು ಬರೆಸಿದರು. ಒಪ್ಪಂದ ಜಾರಿಯಾಗಿ ಪೌರತ್ವ ಸಿಕ್ಕ ಮೇಲೆ ಆಧಾರ್‌ನಲ್ಲಿ ಸ್ವಂತ ಅಪ್ಪನ ಹೆಸರು ಬಂತು.

ಇದಿಷ್ಟನ್ನೂ ಕಾಲೇಜಿನ ಚರ್ಚಾಸ್ಪರ್ಧೆಯ ಕ್ರಮದಲ್ಲೇ ಓನರ್ ಮುಂದಿಟ್ಟೆ. ಅವರದು ಇದೇ ಹಳ್ಳಿಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾವಿದ್ದೇವೆ. ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ಪೂರ್ತಿ ಕೇಳಿದರು.

“ಅಂಗಾರೆ ಈವಮ್ಮ ಇಂಡಿಯಾದೋಳೇ ಅಂತೀಯ?”

“ಹೂಂ ಅಂಕಲ್, ಅನುಮಾನಾನೇ ಬೇಡ.”

“ಒಪ್ಕಂಡೆ ಕಣಪ್ಪ. ಸೈನ್ ಆಕಿದ್ದು ಯಾವಾಗ ಅಂದೆ?”

“ಎಪ್ಪತ್ನಾಲ್ಕು.”

“ಜಾರಿ ಆಗಿದ್ದು?”

“ಎರಡು ಸಾವಿರದ ಹದಿನೈದು.”

“ದೊಡ್ದೊಡ್ಡೋರೇ ಸೈನ್ ಆಕ್ಬುಟ್ಟು ನಲವತ್ತೊಂದು ವರ್ಷ ಸುಮ್ಕೆ ಕುಂತವ್ರೆ. ನಾನು ನಿನ್ ಮಾತ್ ಕೇಳಿ ಇವತ್ತೇ ಜಾರಿ ಮಾಡ್ಬೇಕಾ? ನಾಳೆ ಪೊಲೀಸ್ ಸ್ಟೇಷನ್‌ನೋರು ಬಂದ್ರೆ ಈ ಭಾಷಣ ನೀನ್ ಬಂದು ಮಾಡ್ತೀಯಾ? ಭಾನುವಾರ ಖಾಲಿ ಮಾಡ್ಲಿ.”

ಒಳ್ಳೆಯ ಪಾಯಿಂಟು. ತೀರ್ಪುಗಾರನಾಗಿದ್ದರೆ ಅಂಕ ನಾನೂ ಅವರಿಗೇ ಕೊಡುತ್ತಿದ್ದೆ.

ಮೇಲೆ ಬಂದಾಗ ಗೆಳೆಯ ಕೇಳಿದ: “ಏನ್ ಮಗಾ, ಗೆದ್ಯಾ?”

“ಒಪ್ಕೊಂಡ್ರು.”

“ಮತ್ತೆ ಅಕ್ಕ?”

“ಭಾನುವಾರ ಹೋಗ್ತಾರೆ.”

ಟಿ. ದಾಸರಹಳ್ಳಿಯಲ್ಲಿ ಅವರ ಕಡೆಯವರಿದ್ದರು, ಅಲ್ಲೇ ಒಂದು ಕೋಣೆ ನೋಡಿದ್ದರು. ಲಗೇಜ್ ಆಟೋಗೆ ಹಾಸಿಗೆ, ಪಾತ್ರೆ, ಫ್ಯಾನು ಏರಿಸಿಕೊಟ್ಟೆವು. ಹತ್ತುವ ಮುಂಚೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು.

“ಅಲ್ಲಿ ಓನರ್ ಮೇಡಂ ನಿಮಗೆ ಫೋನ್ ಮಾಡ್ತಾರೆ ಸಾರ್. ಅಡುಗೆ ಚೆನ್ನಾಗಿ ಮಾಡ್ತಾರೆ ಹೇಳಿ, ಸಾಕು. ಊರು ಕಥೆ ಬೇಡ.”

ಆಗಲಿ ಎಂದೆ.

ಮಂಗಳವಾರ ಆ ಮೇಡಂ ಫೋನ್ ಬಂತು. ಅಡುಗೆ ಚೆನ್ನಾಗಿ ಮಾಡುತ್ತಾರೆ ಅಂದೆ.

“ಅದಿರ್ಲಿ, ಯಾವೂರ್ ಕಣ್ರೀ ಅವ್ರದ್ದು?”

“ಗೊತ್ತಿಲ್ಲ ಮೇಡಂ.”

“ಇಷ್ಟ್ ದಿನ ಅವ್ರ ಕೈಯೂಟ ಮಾಡಿದೀರ, ಕೇಳೇ ಇಲ್ವಾ?”

“ಕೇಳಿಲ್ಲ” ಅಂದೆ.