ಗುಡ್ಡದ ಹಾದಿಗೆ ಹಚ್ಚಿದ ಸುಣ್ಣ

ಸಾವಿರದ ಒಂಬೈನೂರಾ ಮೂವತ್ತೆಂಟನೇ ಇಸ್ವಿ. ಗೋಕಾಕದ ಪ್ಯಾಟ್ಯಾಗ ಒಂದ ಸಣ್ಣ ಛಾಪಖಾನಿ ಇತ್ತು, ಅದರಾಗ ನಾ ಕೆಲಸಕ್ಕಿದ್ನಿ. ಅಚ್ಚಿನ ಮೊಳಿ ಜೋಡಸೂದಲ್ಲ, ಮಷೀನ ತಿರುಗಸೂದಲ್ಲ. ನನ್ನ ಕೆಲಸಾ ನಡಿಯೂದು. ಖರೇನ ಹೇಳತೀನಿ, ನಡದರ ಪಗಾರ.

ನಮ್ಮ ಮಾಲಕರು ಒಂದ ಗೈಡ್ ಪುಸ್ತಕಾ ಮಾಡಾಕತ್ತಿದ್ರು. ಗೋಕಾಕ ಫಾಲ್ಸ್ ನೋಡಾಕ ರೈಲಿನಾಗ ಬರೂ ಮಂದಿ ನೀರ ನೋಡಿ, ಚಾ ಕುಡದು, ಸಂಜಿ ಗಾಡಿಗೆ ಹಿಂದ ಹೋಗತಿದ್ರು. "ಇವರನ್ನ ಒಂದೆರಡ ದಿನಾ ಗುಡ್ಡದಾಗ ಅಡ್ಡಾಡಸಬೇಕೋ ಯಮನ್ಯಾ" ಅಂದ್ರು ಮಾಲಕರು. ನಮ್ಮದು ಕುರಬರ ಮನಿ. ನಾ ಕುರಿ ಹಿಂದ ತಿರಗಿ ತಿರಗಿ ಗೋಕಾಕ, ಹುಕ್ಕೇರಿ, ಮೂಡಲಗಿ ಕಡೆ ಹಾದಿ ಎಲ್ಲಾ ಕಾಲಿಲೆ ಕಲತಾಂವ. ಸಾಲಿ ಮೂರನೇತ್ತೆಕ್ಕ ಮುಗೀತು. ಅದಕ್ಕ ನಾ ನಡದ ಬಂದು ಹೇಳೂದು, ಮಾಲಕರು ಬರಿಯೂದು, ಹಿಂಗ ಠರಾತು.

ಹುಕ್ಕೇರಿ ಭಾಗ ಸಲೀಸ ಆತು. ಗುಮ್ಮಟಾ ಅದಾವ, ನಿಡಸೋಸಿ ಮಠಾ ಐತಿ, ದೂರಿಂದ ಕಾಣತಾವ, ತಪ್ಪೂ ಮಾತ ಇಲ್ಲ. ಮೂಡಲಗಿ ಬಂದಾಗ ನಾ ಅಂದ್ನಿ, "ಅಲ್ಲಿ ಗುಡ್ಡ ಎಲ್ಲೈತ್ರಿ? ಎಲ್ಲಾ ಎರಿಹೊಲ. ಮಳಿ ಆದ್ರ ಕಾಲಿಗೆ ಸೇರಗಟ್ಲೆ ಮಣ್ಣ ಹತ್ತತೈತಿ."

"ಅದನ್ನ ಬರಿಯೂನು. ಮಣ್ಣ ಹತ್ತತೈತಿ ಅಂತನ ಬರಿಯೂನು" ಅಂದ್ರು. ಅವರು ಬರದದ್ದು ಓದಿಸಿ ಕೇಳಿದ್ರ 'ಭೂಮಿತಾಯಿ ಪಾದಕ್ಕ ಅಪ್ಪಿಕೊಳ್ಳತಾಳ' ಅಂತಿತ್ತು. ನಾ ಹೊರಗ ಹೋಗಿ ಬೀಡಿ ಹಚ್ಚಿದ್ನಿ.

ತ್ರಾಸ ಕೊಟ್ಟದ್ದು ಗೋಕಾಕದ ಗುಡ್ಡ. ಊರ ಬಿಟ್ಟು ಗುಡ್ಡಾ ಹತ್ತಿ, ಮ್ಯಾಲಿನ ಮಡ್ಡಿ, ಅಂದ್ರ ಗುಡ್ಡದ ನೆತ್ತಿ ಬಯಲ ದಾಟಿ, ಗೊಡಚಿನಮಲ್ಕಿ ಫಾಲ್ಸ್ ಕಡೆ ಇಳಿಯೂ ಒಂದ ಹಾದಿ ಐತಿ. ಹೊಳಿ ಎಲ್ಲಿ ಬೀಳತೈತಿ ಅಲ್ಲಿಗೇ ಹೋಗಿ ಮುಟ್ಟತೈತಿ. ಚಲೋ ಹಾದಿ. ಆದ್ರ ಗೈಡಿನ ಕೆಲಸದಾಗ ಗುರ್ತ ಅಂತ ಒಂದ ಬೇಕು. ಗುರ್ತ ಅಂದ್ರ, ಎಲ್ಲಿ ಹೊಳ್ಳಬೇಕು ಅಂತ ಹೊಸಬರು ನೋಡಿ ತಿಳಕೊಳ್ಳೂದು. ಒಂದ ದೊಡ್ಡ ಗಿಡಾ, ಒಂದ ಗುಡಿ, ಏನರ ಒಂದು. ಈ ಮಡ್ಡಿ ಮ್ಯಾಲ, ಗುಡ್ಡಾ ಹತ್ತಿದಲ್ಲಿ ಒಂದ ಸಣ್ಣ ವಸ್ತಿ ಬಿಟ್ರ, ಮುಂದ ಏನೂ ಇಲ್ಲ. ಹುಲ್ಲು, ಕಂಟಿ, ಬಾಜೂಕ ಮಳಿ ಮ್ಯಾಲ ಬೆಳಿಯೂ ಜ್ವಾಳದ ಹೊಲ, ಮತ್ತ ಹುಲ್ಲು. ಎಡಕ್ಕ ಸ್ವಲ್ಪ ಜಾಸ್ತಿ ಸರದ್ರ ಮಾರ್ಕಂಡೇಯ ಹೊಳಿ ಕೊಳ್ಳ. ಕೊಳ್ಳದ ದಂಡಿಗೆ ಹೋಗೂತನಾ ಅಲ್ಲಿ ಕೊಳ್ಳ ಐತಿ ಅಂತನ ಗೊತ್ತಾಗೂದಿಲ್ಲ.

ಅದಕ್ಕ ನಾನ ಒಂದ ಉಪಾಯ ಮಾಡಿದ್ನಿ. ಹೊಳ್ಯಾಗಿಂದ ತೆಂಗಿನಕಾಯಿ ಗಾತ್ರದ ಗುಂಡ ಕಲ್ಲ ಆರಿಸಿ, ಕತ್ತೆ ಬೆನ್ನ ಮ್ಯಾಲ ಹೇರಕೊಂಡು ಗುಡ್ಡಾ ಹತ್ತಿಸಿ, ಸುಣ್ಣಾ ಬಳದು ಹಾದಿ ತುಂಬ ಇಟ್ನಿ. ಒಂದ ಕಲ್ಲಿನ ಕಡೆ ನಿಂತ್ರ ಮುಂದಿಂದು ಕಾಣಬೇಕು, ಹಂಗ. ಮಾಲಕರು ಬಂದು ನೋಡಿ ಭಾಳ ಖುಷಿ ಆದ್ರು. ಪುಸ್ತಕದಾಗ ಛಾಪಿಸಿದ್ರು: 'ಸುಣ್ಣದ ಕಲ್ಲು ಹಿಡಿದು ನಡೆಯಿರಿ. ಕಟ್ಟಕಡೆಯ ಕಲ್ಲು ಬಂದ ಕೂಡಲೆ ಎಡಕ್ಕೆ ಕೆಳಗೆ ಇಳಿಯಿರಿ.' ಮಳಿಗಾಲ ಮುಗಿಯೂದ್ರಾಗ ಪುಸ್ತಕಾ ಹೊರಗ ಬಿತ್ತು.

ಪುಸ್ತಕಾ ನೋಡಿ ಮೊದಲ ಬಂದವರು ಧಾರವಾಡದ ಗಂಡ ಹೆಂಡ್ತಿ, ಇಬ್ಬರೂ ಸಾಲಿ ಕಲಸವರು. ಮಾಸ್ತರು ತೆಳ್ಳಗ, ಚಾಳೀಸ ಹಾಕ್ಯಾರ. ಬಾಯಾರು ಗಟ್ಟಿ ಹೆಣಮಗಳು, ಕಚ್ಚಿ ಹಾಕಿ ಸೀರಿ ಉಟ್ಟು ನಡಿಯಾಕ ತಯಾರಾಗೇ ಬಂದಿದ್ರು. ಶೀಗಿ ಹುಣ್ಣಿವಿ ಮರುದಿನ ಮುಂಜಾನೆ ಇಬ್ಬರೂ ಛಾಪಖಾನಿ ಮುಂದ ನಿಂತ್ರು. ಅವರು ಗುಡ್ಡದ ಮ್ಯಾಲಿಂದ ಹೋಗೂದು, ನಾ ಚಕ್ಕಡಿ ಹೊಡಕೊಂಡು ಸಡಕಿನ ಮ್ಯಾಲಿಂದ ಹೋಗಿ ಫಾಲ್ಸಿನ ಕಡೆ ಕಾಯೂದು, ಹಿಂಗ ಮಾತಾಗಿತ್ತು.

"ನೀನೂ ಜೋಡಿ ಬಾರೋ ತಮ್ಮಾ" ಅಂದ್ರು ಬಾಯಾರು.

"ನಾ ಬರೂದಾದ್ರ ಪುಸ್ತಕಾ ಯಾಕ ಬೇಕ್ರಿ? ಕಲ್ಲ ಹಿಡದ ನಡೀರಿ, ಮಧ್ಯಾಹ್ನದ ಊಟಕ್ಕ ಕೆಳಗ ಇರತೀರಿ" ಅಂದ್ನಿ.

ಚಕ್ಕಡಿ ಒಯ್ದು ನಿಂದರಿಸಿದ್ನಿ. ಎತ್ತ ಬಿಟ್ನಿ, ನೀರ ಕುಡಿಸಿದ್ನಿ. ಊಟದ ಹೊತ್ತಾತು. ಬರಲಿಲ್ಲ. ಪ್ಯಾಟಿ ಮಂದಿ, ಕುಂತ ಕುಂತ ಬರತಾರ ಅಂತ ಬಿಟ್ನಿ. ಹೊತ್ತ ಇಳಿಮುಖಾತು, ಆದ್ರೂ ಇಲ್ಲ. ಆಗ ಎದ್ನಿ. ಇಷ್ಟ ಹೊತ್ತ ಯಾರೂ ಕುಂದರೂದಿಲ್ಲ.

ಎತ್ತಿನ್ನ ಅಲ್ಲೇ ಒಬ್ಬಾಂವಗ ಒಪ್ಪಿಸಿ ನಾ ಕೆಳಗಿಂದ ಹಾದಿ ಹಿಡದು ಹತ್ತಿದ್ನಿ. ಕಡೀ ಕಲ್ಲ ಇಟ್ಟ ಜಾಗಾಕ್ಕ ಬಂದ್ರ ಕಲ್ಲ ಇಲ್ಲ. ಅದರ ಹಿಂದಿಂದೂ ಇಲ್ಲ. ನೆಲದ ಮ್ಯಾಲ ಗುಂಡಗ ಸುಣ್ಣದ ಗೆರಿ ಅಷ್ಟ ಉಳದಿತ್ತು. ಯಾವನೋ ಹುಡುಗಾಟಕ್ಕ ಉಳ್ಳಿಸ್ಯಾನ ಅನಕೊಂಡು ಬೈಕೋತ ಮ್ಯಾಲ ಮುಟ್ಟಿದ್ನಿ. ಮಡ್ಡಿ ಮ್ಯಾಲ ನಿಂತು ಸುತ್ತ ನೋಡಿದ್ನಿ.

ಹಾದಿ ಮ್ಯಾಲ ಒಂದೂ ಕಲ್ಲಿಲ್ಲ. ಹೊಲದಾಗ ಎಲ್ಲಾ ಅದಾವ. ಈ ಹೊಲದಾಗ ಐದು, ಆ ಹೊಲದಾಗ ಐದು. ಬದುವಿನ ಮ್ಯಾಲ, ಸಣ್ಣ ಬನ್ನಿ ಕಂಟಿ ಬುಡಕ ಬೆಳ್ಳಗ, ಕುಂಕುಮಾ ಹಚಕೊಂಡು ಕುಂತಾವ.

ಗೊತ್ತಿಲ್ಲದವರಿಗೆ ಹೇಳತೀನಿ. ಶೀಗಿ ಹುಣ್ಣಿವಿಗೆ ನಮ್ಮ ಕಡೆ ಒಕ್ಕಲಮಂದಿ ಹೊಲಕ್ಕ ಹೋಗಿ ಐದ ಕಲ್ಲಿಗೆ ಸುಣ್ಣಾ ಹಚ್ಚಿ ಪಾಂಡವರು ಅಂತ ಇಟ್ಟು ಪೂಜಿ ಮಾಡತಾರ. ಆಮ್ಯಾಲ ಕಡಬು, ಹೋಳಗಿ, ಪಲ್ಲೆ ಎಲ್ಲಾ ಕಲಿಸಿ ಹೊಲದ ತುಂಬ ಚರಗಾ ಚಲ್ಲತಾರ. ಅಂದ್ರ ಬಸರ ಇದ್ದ ಭೂಮಿತಾಯಿಗೆ ಉಣಸತಾರ. ಇದೆಲ್ಲಾ ನನಗ ಸಣ್ಣಾಂವ ಇದ್ದಾಗಿಂದ ಗೊತ್ತು. ಆದ್ರ ನಮ್ಮ ಮನಿಗೆ ಹೊಲಾ ಇರಲಿಲ್ಲ. ಆ ಐದ ಕಲ್ಲ ಎಲ್ಲಿಂದ ಬರತಾವ ಅಂತ ನಾ ಯಾಕ ವಿಚಾರ ಮಾಡಲಿ?

ಕೆಟ್ಟದ್ದು ಏನಂದ್ರ, ಹೊಲಾ ಎಲ್ಲಾ ಸಾಲ ಹಿಡದು ಎಡಕ್ಕ ಕೊಳ್ಳದ ದಂಡಿ ತನಕ ಇದ್ದುವು. ಒಂದ ಹೊಲದ ಪಾಂಡವರ ಕಡೆ ನಿಂತ್ರ ಮುಂದಿನ ಹೊಲದವರು ಕಾಣತಾರ. ಹೊಸಬರು ಸುಣ್ಣದ ಕಲ್ಲ ಹಿಡದ ನಡದ್ರ ಸೀದಾ ಕೊಳ್ಳಕ್ಕ. ಹಬ್ಬದ ಮರುದಿನ, ಹೊಲದಾಗ ಕೇಳಾಕ ಒಂದ ನರಪಿಳ್ಳಿ ಇಲ್ಲ.

ಕೇಳಾಕ ಇದ್ದದ್ದು ಆ ಸಣ್ಣ ವಸ್ತಿ ಒಂದ. ಓಡಿದ್ನಿ. ಮೊದಲನೇ ಮನಿ ಕಟ್ಟಿ ಮ್ಯಾಲ ಲಗಮಪ್ಪಕಾಕಾ ಎಲಿ ಹಾಕೋತ ಕುಂತಿದ್ದ. ಆ ಸಾಲಿನಾಗ ಮೂರ ಹೊಲಾ ಅವನ್ವ.

"ಕಾಕಾ, ಹಾದಿ ಮ್ಯಾಲಿನ ಕಲ್ಲ ಯಾರ ಒಯ್ದ್ರಿ?"

"ಎಲ್ಲಾರೂ ಒಯ್ದಿವಿ. ಯಾಕ?" ಅಂದ. "ಯಾವನೋ ಪುಣ್ಯಾತ್ಮಾ, ಹೊಳಿ ಕಲ್ಲ ಆರಿಸಿ ತಂದು, ಸುಣ್ಣಾ ಹಚ್ಚಿ, ಹಬ್ಬದ ಮುಂದ ಹಾದ್ಯಾಗ ಇಟ್ಟ ಹೋಗ್ಯಾನ. ಅವನ ಹೆಸರಿಲೆ ಒಂದ ಕಾಯಿ ಒಡದಿವಿ."

"ಆ ಪುಣ್ಯಾತ್ಮಾ ನಾನ! ಏಳ ಮೊದಲ!"

ಇಬ್ಬರು ತಪ್ಪಿಸಿಕೊಂಡಾರ, ಕೊಳ್ಳದ ಕಡೆ ಹೋಗ್ಯಾರ ಅಂತ ಹೇಳಿದ್ನಿ. ಕಾಕಾ ಎಲಿ ಉಗಳಿ ಎದ್ದ. ಹೊತ್ತ ಭಾಳ ಉಳದಿರಲಿಲ್ಲ. ಹೊಲಾ ಹೊಲಾ ಹುಡಕಿದ್ರ ಕತ್ತಲಾಗತೈತಿ, ಜ್ವಾಳ ಎದಿ ಮಟಾ ಬೆಳದೈತಿ. ಬರೇ 'ಓ' ಅಂತ ಒದರಿದ್ರ ಕುರಿ ಕಾಯಾವ್ರು ದಿನಾ ಒದರತಾರ, ಯಾರೂ ತಲಿ ಎತ್ತೂದಿಲ್ಲ. ನಾ ಅಂದ್ನಿ, "ಚರಗಾದ ಕೂಗ ಹಾಕೂನು." ಚರಗಾ ಚಲ್ಲುವಾಗ ಮುಂದಿನಾಂವ 'ಹುಲ್ಲುಲ್ಲಿಗೋ' ಅಂತ ಕೂಗತಾನ, ಹಿಂದಿನಾಂವ 'ಚಲ್ಲಂಬರಿಗೋ' ಅಂತಾನ. ಒಂದ ಹೊಲದ ಕೂಗ ಬಾಜೂ ಹೊಲದವರು ಎತಗೋತಾರ. ಹಬ್ಬ ಮುಗದ ಮರುದಿನ ಆ ಕೂಗ ಕೇಳಿದ್ರ ಮನ್ಯಾಗ ಮಲಗಿದವರೂ ಎದ್ದ ಬರತಾರ.

ಲಗಮಪ್ಪಕಾಕಾ ನಿಂತಬಿಟ್ಟ. "ಅದೊಂದ ಬ್ಯಾಡ. ನಿನ್ನೆ ಭೂಮಿತಾಯಿಗೆ ಉಣಿಸಿ ಮುಗಿಸಿವಿ. ಇವತ್ತ ಖಾಲಿ ಕೈಲೆ ಕರದ್ರ ಬಂದ ಏನ ಉಣಬೇಕು ಆಕಿ?"

ಖರೆ ಹೇಳತೀನಿ, ಅವಂದೂ ತಪ್ಪಿಲ್ಲ. ಆ ಹೊಲದ ಮ್ಯಾಲ ಅವನ ಮನಿ ನಿಂತೈತಿ. ಆದ್ರ ನನಗ ಸಿಟ್ಟ ನೆತ್ತಿಗೇರಿತ್ತು. ನಾ ಬಾಯಿ ತಗಿಯೂದ್ರಾಗ ಅವನ ತಾಯಿ ಸತ್ಯವ್ವಾಯಿ ಬುಟ್ಟಿ ಹೊತಗೊಂಡು ಬಾಗಲದಾಗ ಬಂದ್ಲು.

"ಖಾಲಿ ಕೈ ಯಾಕೋ? ನಿನ್ನೆದ ಕಡಬ ಉಳದಾವ. ಹಾದಿ ತಪ್ಪಿದವರು ಉಣತಾರ. ಹಸದವರನ್ನ ಕರಿಯಾಕ ಹುಣ್ಣಿವಿ ಆದ್ರೇನು, ಪಾಡ್ಯಾ ಆದ್ರೇನು? ಬಾವಿ ಹಗ್ಗ ತಗೋ, ನಡಿ."

ಆಯಿ ಮಾತಿನ ಮುಂದ ಮಗಾ ಏನ ಅಂದಾನು? ಹಗ್ಗ ಹೆಗಲಿಗೆ ಹಾಕ್ಕೊಂಡ. ಅವನ ಕಂಠ ದೊಡ್ಡದು. ಮೊದಲನೇ ಕೂಗಿಗೇ ಆಚಿ ಮನಿಯವರು ಹೊರಗ ಬಂದ್ರು, "ಏನಾತೋ, ಹುಚ್ಚ ಹಿಡೀತೇನ?" ಅಂತ. ಮಾತ ತಿಳದ ಕೂಡಲೆ ಅವರೂ ಕೂಗಕೋತ ಹೊಲಕ್ಕ ಇಳದ್ರು. ಸಾಲ ಹಚ್ಚಿ ಕೊಳ್ಳದ ಕಡೆ ನಡದ್ವಿ. ಹುಲ್ಲುಲ್ಲಿಗೋ, ಚಲ್ಲಂಬರಿಗೋ. ಈ ಹೊಲದಿಂದ ಆ ಹೊಲಕ್ಕ.

ಕಡೀ ಹೊಲದ ಕಡೆಯಿಂದ ಹೆಣಮಗಳ ದನಿ ಬಂತು. "ಇಲ್ಲಿ ಅದೀವ್ರೀ! ಇಲ್ಲಿ!"

ಬಾಯಾರು ಕೊಳ್ಳದ ದಂಡಿಗೆ ಪಾಂಡವರ ಬಾಜೂಕ ನಿಂತಿದ್ರು. ಒದರಿ ಒದರಿ ದನಿ ಬಿದ್ದಿತ್ತು. ಕೈಯಾಗ ಪುಸ್ತಕಾ. "ಕಟ್ಟಕಡೀ ಕಲ್ಲ ಬಂದ ಕೂಡಲೆ ಇಳೀರಿ ಅಂತ ಬರದೀರಿ. ಇವರು ಇಳದ್ರು. ಬಿಟ್ಟ ಹೆಂಗ ಹೋಗಲಿ?" ಅಂದ್ರು.

ಬಗ್ಗಿ ನೋಡಿದ್ನಿ. ಎರಡಾಳ ಕೆಳಗ ಒಂದ ಕಲ್ಲಿನ ಕಟ್ಟಿ, ಒಬ್ಬ ಕುಂದರೂವಷ್ಟ. ಅದರ ಕೆಳಗ ಏನೂ ಇಲ್ಲ, ಹೊಳಿ ಸಪ್ಪಳ ಅಷ್ಟ. ಮಾಸ್ತರು ಕಾಲ ಉಳಕಿಸಿಕೊಂಡು, ಒಂದ ಕಂಟಿ ಬುಡಾ ಅವಚಿ ಕುಂತಿದ್ರು.

"ಯಾರ ಬಂದ್ರು?" ಅಂತ ಕೆಳಗಿಂದ ಕೇಳಿದ್ರು.

"ಪುಸ್ತಕದ ಹುಡುಗ್ರಿ" ಅಂದ್ರು ಬಾಯಾರು.

"ಮೊದಲ ಅವನ್ನ ಇಲ್ಲಿ ಇಳಸು!"

"ಇಳ್ಯಾಕನ ಬಂದೇನ್ರಿ ಮಾಸ್ತರ" ಅಂದ್ನಿ.

ಇದು ನಮ್ಮ ಮನಿತನದ ಕೆಲಸಾ. ಆಡ ಇಂಥಲ್ಲಿ ದಿನಾ ಸಿಗಬೀಳತಾವ. ನೇರ ತಲಿ ಮ್ಯಾಲಿಂದ ಇಳದ್ರ ಸಣ್ಣ ಕಲ್ಲ ಉದರಿ ಕೆಳಗಿದ್ದವರಿಗೆ ಬಡೀತಾವ, ಬಾಜೂಲಿಂದ ಇಳೀಬೇಕು. ಹಗ್ಗ ನಡಕ್ಕ ಕಟ್ಟಬಾರದು, ಬಗಲಾಗಿಂದ ಹಾಯಿಸಿ ಎದಿಗೆ ಕಟ್ಟಬೇಕು. ಲಗಮಪ್ಪಕಾಕಾ ಮತ್ತ ಮೂರ ಮಂದಿ ಹಗ್ಗ ಹಿಡದ್ರು, ನಾ ಇಳದ್ನಿ. ಹಗ್ಗ ಬಿಚ್ಚಿ ಮಾಸ್ತರಿಗೆ ಕಟ್ಟಿದ್ನಿ. ಮ್ಯಾಲ ಎಳೀರಿ ಅನ್ನೂದ್ರಾಗ ನೋಡತೀನಿ, ಮಾಸ್ತರು ಕಂಟಿ ಬಿಡವಲ್ರು.

"ಬಿಡ್ರಿ."

"ಬಿಡಾಕ ಆಗವಲ್ದೋ." ಮಾರಿ ಬೆಳ್ಳಗ ಸುಣ್ಣಾ ಬಳದಂಗ ಆಗಿತ್ತು.

"ಮಾಸ್ತರ, ಈ ಕಂಟಿ ನಿಮ್ಮನ್ನ ಹಿಡದಿಲ್ಲ, ನೀವ ಅದನ್ನ ಹಿಡದೀರಿ. ಹಗ್ಗ ಹಂಗಲ್ಲ. ಅದರ ಆ ತುದಿಗೆ ಮಂದಿ ಅದಾರ."

ಒಂದ ಬೆರಳ ಬಿಟ್ರು, ಆಮ್ಯಾಲ ಒಂದ ಕೈ ಬಿಟ್ರು. ಎರಡನೇ ಕೈ ನಾನ ಬಿಡಿಸಿದ್ನಿ. ಎಳದ್ರು. ಮಾಸ್ತರು ಮ್ಯಾಲ ಮುಟ್ಟಿದ ಸಪ್ಪಳ ಕೇಳಿತು. ಆಮ್ಯಾಲ ಹಗ್ಗ ಒಗದ್ರು, ನಾನೂ ಹತ್ತಿದ್ನಿ.

ಚಂದ್ರಾಮ ಹುಟ್ಟಿದ್ದ. ಸತ್ಯವ್ವಾಯಿ ಬುಟ್ಟಿ ಬಿಚ್ಚಿ ಕುಂತಿದ್ಲು. ಬಾಯಾರು ಸಣ್ಣ ದನಿ ಮಾಡಿ ಅಂದ್ರು, "ಆಯಿ, ನಿಮ್ಮ ಪಾಂಡವರ ಮುಂದಿನ ಕಡಬ ಒಂದ ನಾ ತಿಂದೇನ್ರಿ. ಹಸಿವಿ ತಡೀಲಿಲ್ಲ."

"ಒಂದ ಯಾಕ ತಿಂದಿ? ಐದ ಇದ್ದುವಲ್ಲ!" ಅಂದ್ಲು ಆಯಿ. ಮಾಸ್ತರು ಕಾಲ ಹಿಡಕೊಂಡೇ ನಕ್ರು.

ಮರುದಿನ ಮಾಲಕರು ಕೆಂಡಾಮಂಡಲ ಆದ್ರು. ಮಡ್ಡಿ ಮ್ಯಾಲ ಒಂದ ಬೋರ್ಡ ಹಾಕಸತೀನಿ, ಕಲ್ಲ ಮುಟ್ಟಿದವರಿಗೆ ದಂಡ ಅಂತ ಬರಸತೀನಿ ಅಂದ್ರು.

"ಓದೂದ ಯಾರ್ರಿ?" ಅಂದ್ನಿ. "ಮತ್ತ ಅಲ್ಲಿರೂದು ಅವರು. ನಾವ ಒಂದ ದಿನಾ ಹೋಗಿ ಇಟ್ಟ ಬಂದಿವಿ, ಅವರು ವರ್ಷಾನಗಟ್ಲೆ ಅಲ್ಲೇ ಬಾಳೇವ ಮಾಡತಾರ."

"ಹಂಗಾರ ದೊಡ್ಡ ಕಲ್ಲ ಇಡೂನು, ಎತ್ತಾಕ ಬರಲಾರದ್ದು."

"ಅದಕ್ಕೂ ಕುಂಕುಮಾ ಹಚ್ಚಿ ಗುಡಿ ಕಟ್ಟತಾರ್ರಿ."

ಮಾಲಕರಿಗೂ ನಗಿ ಬಂತು. ಆವತ್ತ ಕುಂತು ಉಳದ ಪುಸ್ತಕದ ಆ ಪುಟದ ಮ್ಯಾಲ ಒಂದ ಚೀಟಿ ಛಾಪಿಸಿ ಅಂಟಿಸಿದ್ವಿ. ಅವರು ಮತ್ತ 'ಪ್ರಕೃತಿಮಾತೆ' ಅಂತೇನೋ ಶುರು ಮಾಡಿದ್ರು, ನಾ ಬ್ಯಾಡ ಅಂದ್ನಿ. ನಾ ಹೇಳಿದಷ್ಟ ಬರದ್ರು.

ಇದಾಗಿ ಐದಾರ ವರ್ಷಾತು. ಇನ್ನೂ ನಾ ಹಾದಿ ನಡೀತೀನಿ, ಹೊಸಾ ಹಾದಿ ಪುಸ್ತಕಕ್ಕ ಸೇರಸತೀನಿ. ಈ ಕೆಲಸಾ ನನಗ ಕಲಿಸಿದ್ದು ಇಷ್ಟ: ಹಾದಿಗೆ ಗುರ್ತ ಇಡೂಕಿಂತ ಮೊದಲ ಅಲ್ಲಿಯ ಮಂದಿ ಕಡೆ ಕುಂದರಬೇಕು, ಬ್ಯಾಸಿಗಿಗೆ ಏನ ಮಾಡತೀರಿ, ಹಬ್ಬಕ್ಕ ಏನ ಮಾಡತೀರಿ ಅಂತ ಕೇಳಬೇಕು. ಅವರನ್ನ ಬಿಟ್ಟು ಬರದ ಹಾದಿ ಕಾಗದದ ಮ್ಯಾಲ ಅಷ್ಟ ಇರತೈತಿ.

ಆ ಚೀಟಿ ಮ್ಯಾಲ ಇದ್ದದ್ದು ಮೂರ ಮಾತು: 'ಮಡ್ಡಿ ಮ್ಯಾಲ ಗುರ್ತಿಲ್ಲ. ವಸ್ತಿಯ ಮೊದಲನೇ ಮನಿ ಮುಂದ ನಿಂತು ಕೂಗ್ರಿ. ಯಾರರ ಹೊರಗ ಬಂದು ಹಾದಿ ತೋರಸತಾರ.' ಅವತ್ತಿಂದ ಆ ಹಾದ್ಯಾಗ ಒಬ್ಬರೂ ತಪ್ಪಿಸಿಕೊಂಡಿಲ್ಲ. ಆದ್ರ ಹೊತ್ತಿಗೆ ಸರಿಯಾಗಿ ಕೆಳಗ ಇಳದವರೂ ಇಲ್ಲ, ಸತ್ಯವ್ವಾಯಿ ಉಣ್ಣಿಸಿದ ಹೊರತು ಕಳಸೂದಿಲ್ಲ.