ದೊಡ್ಡಪ್ಪನ ಬೆನ್ನ ಮೇಲಿನ ಪಟ್ಟಿಗಳು

ಎಡಗಣ್ಣು ಪೂರ್ತಿ ಮುಚ್ಚಿಹೋಗಿ, ಎರಡೂ ಕಿವಿ ಊದಿ, ಹಣೆಯಿಂದ ನೀರು ಜಿನುಗುತ್ತಿದ್ದರೂ ದೊಡ್ಡಪ್ಪ ಮಿಲ್ಲಿನ ಗಾದಿ ಬಿಟ್ಟು ಏಳುತ್ತಿರಲಿಲ್ಲ. "ಏನೂ ಆಗಿಲ್ಲಬೇ, ಸ್ವಲ್ಪ ನಂಜು" ಎನ್ನುತ್ತ ಪರಪರ ಕೆರೆದುಕೊಳ್ಳುತ್ತಿದ್ದರು. ನೋಡುವ ನಮಗೇ ಮೈಯೆಲ್ಲ ತುರಿಕೆ ಹತ್ತುತ್ತಿತ್ತು.

ಮಾನ್ವಿಯಲ್ಲಿ ಅವರದೊಂದು ಸಣ್ಣ ಅಕ್ಕಿ ಮಿಲ್ಲು. ಅವರ ತಮ್ಮನಾದ ನನ್ನಪ್ಪನೂ ಅವ್ವನೂ ನಾನು ಕೂಸಿದ್ದಾಗಲೇ ತೀರಿಕೊಂಡಿದ್ದರಿಂದ, ಮಕ್ಕಳಿಲ್ಲದ ದೊಡ್ಡಪ್ಪ, ದೊಡ್ಡಮ್ಮ ನನ್ನನ್ನು ಸಾಕಿದರು. ಎಪ್ಪತ್ತರ ದಶಕದ ಕೊನೆಯಲ್ಲಿ, ಹುಡುಗಿಗೆ ಯಾಕೆ ಓದು ಎಂದು ಸಂಬಂಧಿಕರೆಲ್ಲ ಬೇಡವೆಂದರೂ, ರಾಯಚೂರಿನಲ್ಲಿ ಕೋಣೆ ಹಿಡಿದು ನನ್ನನ್ನು ಕಾಲೇಜಿಗೆ ಸೇರಿಸಿದರು. ಅಂಥ ಮನುಷ್ಯ. ಆದರೆ ಅವರ ಹಟ ಮಾತ್ರ ಶಿವನಿಗೇ ಪ್ರೀತಿ.

ನಂಜು ಎಂದು ಮೊದಲು ಮನೆಯಲ್ಲಿ ಬದನೆಕಾಯಿ ನಿಂತಿತು. ಆಮೇಲೆ ಶೇಂಗಾ ಚಟ್ನಿ. ಆಮೇಲೆ ದೊಡ್ಡಮ್ಮ ತಂದ ಹೊಸ ಸೋಪು. ದೊಡ್ಡಮ್ಮ ನೀರಮಾನ್ವಿ ಯಲ್ಲಮ್ಮನಿಗೆ ಹರಕೆಯನ್ನೂ ಹೊತ್ತರು. ರಾಯಚೂರಿಗೆ ಹೋಗಿ ಬಂದ ಮೇಲೆಯೇ ಮುಖ ಊದುತ್ತದೆ ಎಂದು ನಾನು ತೋರಿಸಿಕೊಟ್ಟರೆ, "ಅಲ್ಲಿ ಹೋಟೆಲಿನ ಎಣ್ಣಿ ನನಗ ಆಗಿಬರಂಗಿಲ್ಲ" ಎಂದರು. ಬುತ್ತಿ ಕಟ್ಟಿಕೊಟ್ಟರೂ ಮುಖ ಊದಿತು. ಆಗ ತಪ್ಪು ಬಸ್ಸಿನ ಸೀಟಿನದಾಯಿತು.

ಕಡೆಗೆ ನಾನೇ ಜಗಳವಾಡಿ ರಾಯಚೂರಿನ ಚರ್ಮದ ಡಾಕ್ಟರರ ಬಳಿ ಕರೆದೊಯ್ದೆ.

"ತಲಿಗಿ ಏನ್ ಹಚ್ತೀರಿ, ಯಜಮಾನ್ರ?"

"ಕೊಬ್ರಿ ಎಣ್ಣಿರಿ."

"ಮತ್ತೇನರ?"

"ಮತ್ತೇನ್ ಹಚ್ಲಿರಿ? ಎಣ್ಣಿ ಅಷ್ಟ."

ಅರವತ್ತರ ಸಮೀಪದಲ್ಲೂ ಅವರ ತಲೆ ಅಚ್ಚ ಕಪ್ಪು. ಅದು ಮನೆತನದ ಗುಣ ಎಂದೇ ನಾವೆಲ್ಲ ನಂಬಿದ್ದೆವು.

ಅನುಮಾನವಿರುವ ಒಂದೊಂದು ವಸ್ತುವನ್ನೂ ಚೂರುಚೂರೇ ಬೆನ್ನಿಗೆ ಹಚ್ಚಿ ಪಟ್ಟಿ ಅಂಟಿಸುತ್ತೇವೆ, ಎಲ್ಲಿ ಚರ್ಮ ಕೆಂಪಾಗುತ್ತದೋ ಅದೇ ಕಾರಣ ಎಂದು ಡಾಕ್ಟರು ವಿವರಿಸಿದರು. ಎರಡು ದಿನ ಬೆನ್ನಿಗೆ ನೀರು ತಾಗಬಾರದು, ಬೆವರಬಾರದು. ನಮ್ಮ ಬೇಸಿಗೆಯಲ್ಲಿ ಅದು ಆಗದ ಮಾತು. ಚಳಿಗಾಲಕ್ಕೆ ಬರಹೇಳಿದರು.

ಚಳಿಗಾಲದಲ್ಲಿ ಪಟ್ಟಿ ಹಾಕಿಸಿಕೊಂಡು ದೊಡ್ಡಪ್ಪ, ದೊಡ್ಡಮ್ಮ ನನ್ನ ಕೋಣೆಯಲ್ಲೇ ಉಳಿದರು. ಮರುದಿನ ನಾನು ಏಳುವಷ್ಟರಲ್ಲಿ ಪಟ್ಟಿಗಳೆಲ್ಲ ಬಚ್ಚಲ ಕಂಡಿಯಲ್ಲಿ ಬಿದ್ದಿದ್ದವು. ದೊಡ್ಡಪ್ಪ ವಿಭೂತಿ ಧರಿಸಿ ಪೂಜೆಗೆ ಕುಳಿತಿದ್ದರು.

"ಜಳಕ ಮಾಡದ ಲಿಂಗ ಮುಟ್ಟಲೇನು?" ಎಂದು ನನ್ನನ್ನೇ ಗದರಿದರು. ಸಿಟ್ಟಿಗೆ ನನಗೆ ಅಳುವೇ ಬಂತು.

ಇನ್ನೊಮ್ಮೆ ಪಟ್ಟಿ ಹಾಕಿಸಿದೆವು. ಈ ಸಲ ದೊಡ್ಡಮ್ಮ, ಬೆನ್ನು ಬಿಟ್ಟು ಉಳಿದ ಮೈ ಒರೆಸಲು ಒದ್ದೆ ಬಟ್ಟೆ ಹಿಡಿದು ಕಾವಲು ನಿಂತರು. "ಲಿಂಗ ಅಂಗೈಯಾಗ ಹಿಡಿತೀರಿ, ಮಾರಿ ಮುಂದ ಇಟ್ಕೋತೀರಿ. ಶಿವ ನಿಮ್ಮ ಬೆನ್ನ ನೋಡಾಕ ಬರ್ತಾನೇನ್ರಿ? ಸುಮ್ನ ಕುಂದ್ರರಿ!" ಅಂತೂ ಪಟ್ಟಿ ಉಳಿದವು.

ಡಾಕ್ಟರು ಅವನ್ನು ತೆಗೆದಾಗ ಬೆನ್ನೆಲ್ಲ ಸ್ವಚ್ಛ. ಒಂದೇ ಒಂದು ಕಡೆ ಮಾತ್ರ ಕೆಂಪಗೆ ಊದಿ ಗುಳ್ಳೆ ಎದ್ದಿತ್ತು.

"ಕೂದಲಿಗಿ ಹಚ್ಚೋ ಕರಿ ಬಣ್ಣರಿ ಇದು."

"ನಾ ಹಚ್ಚಂಗಿಲ್ಲ."

"ಹಚ್ತೀರಿ ಅಂತ ನಿಮ್ಮ ಬೆನ್ನು ಹೇಳಾಕತ್ತದ, ಯಜಮಾನ್ರ. ಇದನ್ನ ಬಿಡಲಿಲ್ಲಂದ್ರ ಒಂದಿನ ಕಣ್ಣಿಗೇ ಕುತ್ತು ಬರ್ತದ."

ದೊಡ್ಡಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕಡೆಗೆ ಒಪ್ಪಿಕೊಂಡರು. ರಾಯಚೂರಿಗೆ ಬಂದಾಗಲೆಲ್ಲ ಸ್ಟೇಷನ್ ಹತ್ತಿರದ ಕ್ಷೌರದಂಗಡಿಯಲ್ಲಿ ಗುಟ್ಟಾಗಿ ಬಣ್ಣ ಹಾಕಿಸಿಕೊಳ್ಳುತ್ತಿದ್ದರಂತೆ. ಇದಕ್ಕಾಗಿ ನಾವು ವರ್ಷಗಟ್ಟಲೆ ಬದನೆಕಾಯಿ ಬಿಟ್ಟಿದ್ದೆವು!

ಹೊರಗೆ ಬಂದದ್ದೇ ದೊಡ್ಡಮ್ಮ ರಸ್ತೆಯಲ್ಲೇ ಕೇಳಿದರು: "ಈ ವಯಸ್ಸಿನ್ಯಾಗ ಯಾರಿಗಿ ತೋರಸಾಕ್ರಿ ಇದು?"

"ತಲಿ ಬೆಳ್ಳಗಾತಂದ್ರ ಮಿಲ್ಲ್ ಯಾವಾಗ ಮಾರ್ತೀರಿ ಅಂತ ಮಂದಿ ಬಾಗಲಿಗಿ ಬರ್ತಾರ" ಎಂದರು, ನನ್ನತ್ತ ನೋಡದೆ. "ಮುದುಕ ಆದ, ಹುಡುಗಿನ ಲಗೂನ ಕೊಟ್ಟುಬಿಡು ಅಂತಾರ. ಇಕಿ ಓದು ಮುಗಿಯೂತನ ನಾ ಮುದುಕ ಆಗಂಗಿಲ್ಲ."

ಬಯ್ಯಲೆಂದಿದ್ದ ನಾನು ಅವರ ಕೈಚೀಲ ಇಸಿದುಕೊಂಡು ಪಕ್ಕದಲ್ಲಿ ನಡೆದೆ. ಬಸ್‌ಸ್ಟ್ಯಾಂಡು ಬಂದಾಗ ಅವರೇ ಮೆಲ್ಲಗೆ ಕೇಳಿದರು: "ಸ್ವಲ್ಪ ಕಮ್ಮಿ ಹಚ್ಚಿದ್ರ ನಡೀತದೇನು, ಡಾಕ್ಟರ್‌ಗೆ ಕೇಳಬೇ."

ನಡೆಯುವುದಿಲ್ಲ ಎಂದು ನಾನೂ ದೊಡ್ಡಮ್ಮನೂ ಒಟ್ಟಿಗೇ ಕೂಗಿದೆವು.

ಆಮೇಲೆ ಅವರು ಬಣ್ಣ ಬಿಟ್ಟರು. ನೋಡನೋಡುತ್ತ ತಲೆ ಹತ್ತಿಯಂತೆ ಬೆಳ್ಳಗಾಯಿತು. ಅವರು ಹೆದರಿದಂತೆಯೇ ಮಿಲ್ಲು ಕೇಳುವವರು ಬಂದರು, ನನ್ನನ್ನು ಕೇಳುವವರೂ ಬಂದರು. ಇಬ್ಬರಿಗೂ ಚಹಾ ಕುಡಿಸಿ ಕಳಿಸಿದರು.

ನನಗೆ ಕೆಲಸ ಸಿಕ್ಕ ಸ್ವಲ್ಪ ಕಾಲಕ್ಕೆ, ಒಂದು ಮಧ್ಯಾಹ್ನ ಮಿಲ್ಲಿನಲ್ಲಿ ಕುಳಿತಲ್ಲೇ ಅವರು ತೀರಿಕೊಂಡರು. ನೆನೆದಾಗಲೆಲ್ಲ ಕಣ್ಣ ಮುಂದೆ ಬರುವುದು ಅವರು ನನ್ನನ್ನು ದೇವದುರ್ಗದ ಶಾಲೆಗೆ ಶಿಕ್ಷಕಿಯಾಗಿ ಸೇರಿಸಲು ಬಂದ ದಿನ. ದಾರಿಯುದ್ದಕ್ಕೂ ಕಿಟಕಿ ಪಕ್ಕದ ಸೀಟಿಗಾಗಿ ಜಗಳವಾಡಿ ನನ್ನ ಜೀವ ತಿಂದಿದ್ದರು. ಶಾಲೆಯ ಮುಖ್ಯೋಪಾಧ್ಯಾಯಿನಿ ಅವರ ತಲೆ ನೋಡಿ, "ನಿಮ್ಮ ಅಜ್ಜಾರೇನ್ರಿ?" ಎಂದು ನನ್ನನ್ನು ಕೇಳಿದರು. ಈಗ ರಂಪ ಮಾಡುತ್ತಾರೆ ಎಂದು ನಾನು ಹೆದರಿದೆ.

ದೊಡ್ಡಪ್ಪ ಎದ್ದು ನಿಂತು ಕೈಮುಗಿದರು.

"ಅಲ್ರಿ ಬಾಯಾರ, ಇಕಿ ಅಪ್ಪ ನಾನು."